ಮಾಳವ್ವನ ಬನಕ್ಕೆ ಆ ಹೆಸರು ಬಂದದ್ದು

ನಮ್ಮೂರಿನ ಬಡಗಣ ದಿಕ್ಕಿಗೆ, ಹಳ್ಳ ದಾಟಿದರೆ, ಆಳೆತ್ತರ ಮೀರಿದ ಕರಿಗಲ್ಲಿನ ಗೋಡೆ ಸಿಗುತ್ತದೆ. ಅದರೊಳಗೆ ಬಿಲ್ವ, ಬೇವು, ಹುಣಸೆ, ಬಸರಿಯ ಹಳೆಯ ಮರಗಳು ನಡುಹಗಲಲ್ಲೂ ನೆಲಕ್ಕೆ ಬಿಸಿಲು ಬೀಳಗೊಡದೆ ನಿಂತಿವೆ. ನಡುವೆ ಇದ್ದ ಮಠದ ಕಟ್ಟೆಯೂ ಗದ್ದುಗೆಯೂ ಉಳಿದಿವೆ. ವಿರಕ್ತರು ಬಾಳಿದ ಈ ಕಾಡಿಗೆ ಯಾವ ಸ್ವಾಮಿಗಳ ಹೆಸರೂ ಇಲ್ಲ. ಮಾಳವ್ವನ ಬನ ಎನ್ನುತ್ತಾರೆ. ಆ ಮಾಳವ್ವನೋ, ಗೋಡೆ ಎದ್ದ ಮೇಲೆ ಒಳಗೆ ಕಾಲಿಡಲೇ ಇಲ್ಲ.

ಹಿಂದೆ, ಗೋಡೆಯಿಲ್ಲದ ಕಾಲದಲ್ಲಿ, ಮಠಕ್ಕೊಂದು ಪದ್ಧತಿಯಿತ್ತಂತೆ. ಮಗನನ್ನು ಮಠಕ್ಕೆ ಒಪ್ಪಿಸುವ ತಾಯಿ ತನ್ನ ಹಿತ್ತಲಿನ ಸಸಿಯೊಂದನ್ನು ಬೇರಿನ ಮಣ್ಣಿನ ಸಮೇತ ತಂದು ಇಲ್ಲಿ ನೆಡಬೇಕು. ಅಂದಿನಿಂದ ಮಗ ಶಿವನವನು, ಮರ ತಾಯಿಯದು. ಮಗನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಮರಕ್ಕೆ ಬೇಕಾದಾಗ ಬಂದು ನೀರೆರೆಯಬಹುದು. ಗಂಡನಿಲ್ಲದ ಮಾಳವ್ವ ಒಬ್ಬನೇ ಮಗನನ್ನು ಒಪ್ಪಿಸಿ ಬಸರಿ ಸಸಿ ನೆಟ್ಟಳು. ಬೆಳಗಾದರೆ ಹಳ್ಳದಿಂದ ಕೊಡ ಹೊತ್ತು ತಂದು ಎರೆಯುತ್ತ, ಉಂಡೆಯಾ, ಬಿಸಿಲಲ್ಲಿ ತಿರುಗಬೇಡ ಎಂದು ಸಸಿಗೇ ಬುದ್ಧಿ ಹೇಳುತ್ತಿದ್ದಳಂತೆ.

ಆ ಮಗನೇ ಮುಂದೆ ಗುರುಶಾಂತಸ್ವಾಮಿಗಳೆಂದು ಪೀಠವೇರಿದರು. ಮಹಾ ನೇಮಸ್ಥರು. ತಾಯಂದಿರ ದನಿ ಕೇಳಿದೊಡನೆ ಮಠಕ್ಕೆ ಒಪ್ಪಿಸಿದ ಎಳೆಯ ಮರಿಗಳು ಪಾಠ ಬಿಟ್ಟು ಮರದ ಮರೆಯಲ್ಲಿ ಅಳುವುದನ್ನು ಕಂಡು, ವೈರಾಗ್ಯ ಕೆಡುತ್ತದೆಂದು ಗೋಡೆ ಕಟ್ಟಿಸಿದರು. ನೀರೆರೆಯಲು ಮಠದವರಿದ್ದಾರೆ, ತಾಯಂದಿರು ಬರಬೇಕಿಲ್ಲ ಎಂದು ಅಪ್ಪಣೆಯಾಯಿತು. ಅದರಲ್ಲಿ ತಮ್ಮ ಮನಸ್ಸಿನ ಅಂಜಿಕೆಯೂ ಇತ್ತೋ ಏನೋ, ಶಿವನೇ ಬಲ್ಲ. ಉಳಿದ ತಾಯಂದಿರು ಅತ್ತು ಹಿಂದಿರುಗಿದರು. ಮಾಳವ್ವ ಮಾತ್ರ ಬಸರಿಯ ನೇರಕ್ಕೆ ಗೋಡೆಯ ಹೊರಗೆ ನಿಂತು, ಗೋಡೆ ಬುಡದ ಮಣ್ಣಿಗೆ ಕೊಡ ಬಗ್ಗಿಸಿದಳು.

ಬಾಗಿಲು ಕಾಯುವ ಭರಮಣ್ಣ ನಕ್ಕ. "ಗ್ವಾಡಿಗೆ ನೀರು ಹಾಕಿದ್ರ ಚಿಗೀತೈತೇನ ಬೇ ಯವ್ವಾ?"

"ಗ್ವಾಡಿ ನಿಮ್ಮ ಮಠದ ಅಪ್ಪಾರದು. ನೆಲ ಶಿವಂದೋ ತಮ್ಮಾ. ಬೇರಿಗೆ ಹಾದಿ ಅವನ ತೋರಸ್ತಾನ."

ವರುಷಗಳು ಉರುಳಿದವು. ಮೈಯಲ್ಲಿ ಶಕ್ತಿ ಕುಂದಿದಾಗ, ಒಮ್ಮೆ ಮರ ಮುಟ್ಟಿ ಹೋಗುತ್ತೇನೆಂದು ಭರಮಣ್ಣನ ಕೈಲಿ ಹೇಳಿ ಕಳಿಸಿದಳು. ನಗುವುದನ್ನು ಎಂದೋ ಬಿಟ್ಟಿದ್ದ ಅವನು ಸ್ವಾಮಿಗಳ ಕಾಲು ಹಿಡಿದು ಕೇಳಿದ. ನಮ್ಮ ತಾಯಿಗೆ ಬಾಗಿಲು ತೆರೆದರೆ ಉಳಿದ ತಾಯಂದಿರಿಗೆ ಏನು ಹೇಳೋಣ ಎಂದುಬಿಟ್ಟರಂತೆ ಸ್ವಾಮಿಗಳು. ಮಾಳವ್ವ ಅಂದಿನ ಕೊಡವನ್ನು ಎರೆದು ಹೋದಳು. ಮತ್ತೆ ಬರಲಿಲ್ಲ, ಆ ಬೇಸಿಗೆಯಲ್ಲೇ ಶಿವನ ಪಾದ ಸೇರಿದಳು.

ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಗೋಡೆ ಉಬ್ಬಿ ಕಲ್ಲು ಉರುಳಿದವು. ಒಳಗಿನ ಬಸರಿಯ ತೋಳಿನಷ್ಟು ದಪ್ಪದ ಬೇರುಗಳು ಬುನಾದಿಯಡಿ ನುಸುಳಿ, ಅವಳು ನೀರೆರೆದ ಮಣ್ಣನ್ನು ತಬ್ಬಿಕೊಂಡಿದ್ದವು. ಗಾರೆ ಕಲಸಿಕೊಂಡು ಬಂದವರನ್ನು ಸ್ವಾಮಿಗಳು ತಡೆದರು. ಕೆಸರಿನಲ್ಲೇ ಕುಳಿತು ಬೇರಿನ ಮೇಲೆ ಕೈಯಿಟ್ಟು, "ನಮಗ ತಿಳೀಲಿಲ್ಲ. ಮರಕ್ಕ ತಿಳೀತು" ಎಂದರಂತೆ.

ಅಂದೇ ಬಾಗಿಲು ತೆರೆಸಿದರು. ಆದರೆ ತಾಯಂದಿರಲ್ಲಿ ಹಲವರು ತೀರಿಹೋಗಿದ್ದರು. ಬದುಕಿದ್ದವರಿಗೆ ಹಳ್ಳ ದಾಟುವ ತ್ರಾಣವಿರಲಿಲ್ಲ. ಸ್ವಾಮಿಗಳು ಲಿಂಗೈಕ್ಯರಾಗುವ ತನಕ ತಾವೇ ಹಳ್ಳದಿಂದ ಕೊಡ ಹೊತ್ತು ಆ ಜಾಗಕ್ಕೆ ಎರೆದರು. ಬನವನ್ನು ತಾಯಿಯ ಹೆಸರಿನಿಂದಲೇ ಕರೆಯಿರಿ ಎಂದು ಶಿಷ್ಯರಿಂದ ಮಾತು ಪಡೆದರು.

ಈಗಲೂ ಗೋಡೆಯ ಆ ಬಿರುಕನ್ನು ಯಾರೂ ಮುಚ್ಚಿಲ್ಲ. ಬಸರಿ ಹೊರಕ್ಕೇ ಬಾಗಿ ನಿಂತಿದೆ. ಬಾಗಿಲಿಗೆ ಕದವಿಲ್ಲ, ತಡೆಯುವವರೂ ಇಲ್ಲ. ಆದರೂ ಕೊಡ ಹೊತ್ತು ಬರುವ ಹೆಂಗಸರು ಮೊದಲು ಗೋಡೆಯ ಹೊರಗೇ ನಿಂತು, ಆ ಬೇರಿಗೆ ನೀರೆರೆದು, ಆಮೇಲೆ ಒಳಗೆ ಹೋಗುತ್ತಾರೆ.