ಮೆಟ್ಟಿಲ ಮೇಲೆ ಕೂತವರು

ಆಸ್ಟ್ರೇಲಿಯಾದ ಮರ್ರೆ ನದಿಯ ದಂಡೆಯಲ್ಲಿ ಮಾವಿಸ್ ಎಂಬ ಮುದುಕಿ ಇದ್ದಳು. ಹುಟ್ಟಿನಿಂದ ಕಿವಿ ಕೇಳದು. ಆ ದೇಶದ ಕಿವುಡರ ಕೈಭಾಷೆ ಆಸ್‌ಲ್ಯಾನ್ ಕಲಿಯಬೇಕೆಂದು ಬಂದವರನ್ನು ನೀಲಗಿರಿ ಮರದ ಕೆಳಗೆ ಕೂರಿಸಿಕೊಳ್ಳುತ್ತಿದ್ದಳು. ಅಲ್ಲಿ ಎಲ್ಲ ಮಾತೂ ಕೈಯಲ್ಲೇ.

ಅವಳ ಶಿಷ್ಯೆ ಅರಸೀಕೆರೆಯ ಅಂಬುಜಾಕ್ಷಿ. ವಯಸ್ಸು ಅರವತ್ತು ದಾಟಿತ್ತು. ಪದಗಳೇನೋ ಬಂದಿದ್ದವು, ಮಾತು ಬಂದಿರಲಿಲ್ಲ. ಆ ಭಾಷೆಯಲ್ಲಿ 'ನೀವು' ಎನ್ನಲು ಬೆರಳು ತೋರಿಸಬೇಕು; ಗುರುವಿನತ್ತ ಹಾಗೆ ತೋರಿಸಲು ಇನ್ನೂ ಮುಜುಗರ, ಅಂಗೈ ಚಾಚುತ್ತಿದ್ದಳು.

"ಬೆರಳು ತೋರಿಸು. ನಾನೇನು ಬಸ್ಸೇ, ಕೈ ಅಡ್ಡ ಹಾಕೋದಕ್ಕೆ?" ಎಂದಳು ಮಾವಿಸ್.

ಅಂದು ಅಂಬುಜಾಕ್ಷಿಗೆ ನಗು ಬರಲಿಲ್ಲ. ನೀರಿನಂಚಿನಲ್ಲಿ ಮೊಮ್ಮಗಳು ಮೇದಿನಿ ಕಲ್ಲೆಸೆಯುತ್ತಿದ್ದಳು. ಅವಳಿಗೂ ಕಿವಿ ಕೇಳದು; ಅವಳಿಗಾಗಿಯೇ ಅಜ್ಜಿ ಈ ಭಾಷೆ ಕಲಿಯುತ್ತಿದ್ದಳು.

"ತಾತ ಹೇಗಿದ್ದರು ಅಂತ ಕೇಳಿದಳು. ಹೇಳಿದೆ. 'ಬಿಡಿ ಅಜ್ಜಿ, ಬರೆದುಕೊಡಿ' ಅಂದುಬಿಟ್ಟಳು. ಇನ್ನೊಮ್ಮೆ ಕೇಳುತ್ತಾಳೋ ಇಲ್ಲವೋ."

"ಏನಂತ ಹೇಳಿದೆ?"

ಅಂಬುಜಾಕ್ಷಿ ಕನ್ನಡದ ವಾಕ್ಯವನ್ನೇ ಪದಕ್ಕೊಂದು ಸನ್ನೆ ಮಾಡಿ ಪೋಣಿಸಿದಳು. ನಮ್ಮ ಯಜಮಾನರು ಬಹಳ ಒಳ್ಳೆಯ ಮನುಷ್ಯರಾಗಿದ್ದರು.

"ಎಲ್ಲಿ?"

"ಎಲ್ಲಿ ಅಂದರೆ? ಎಲ್ಲ ಕಡೆಯೂ ಒಳ್ಳೆಯವರೇ!"

"ಎಲ್ಲಿ ಕೂರುತ್ತಿದ್ದರು?"

"ಅವರು ತೀರಿಕೊಂಡರಲ್ಲ."

"ಅದು ಆಮೇಲೆ. ಮೊದಲು ಕಾಲ, ಊರು, ಮನೆ. ಅಲ್ಲಿ ಅವರನ್ನು ಕೂರಿಸು. ಏನು ಮಾಡುತ್ತಿದ್ದರು ಅನ್ನೋದು ಕಡೆಗೆ."

ಅಂಬುಜಾಕ್ಷಿ ಕೈ ಎತ್ತಿದಳು.

ಬಹಳ ಹಿಂದೆ. ಬೆಳಗಿನ ಜಾವ. ಅರಸೀಕೆರೆ, ರೈಲ್ವೆ ಕ್ವಾರ್ಟರ್ಸು. ಇಲ್ಲಿ ಬಾಗಿಲು. ಇಲ್ಲಿ, ತನ್ನ ಎಡಕ್ಕೆ, ಮೆಟ್ಟಿಲು. ಆ ಮೆಟ್ಟಿಲ ಮೇಲೆ, ಎರಡು ಬೆರಳು ಮಡಿಚಿ, ಗಂಡನನ್ನು ಕೂರಿಸಿದಳು. ರಾತ್ರಿಪಾಳಿ ಮುಗಿಸಿ ಬಂದ ಗಾರ್ಡು.

ಈಗ ತಾನೇ ಅವರಾಗಿ, ಕಾಫಿ ಸಾಸರಿಗೆ ಸುರಿದು ಊದಿದಳು. ರೈಲು ಹಾದುಹೋದಾಗ ತಲೆಯೆತ್ತಿ ಕೈಗಡಿಯಾರ ನೋಡಿದಳು. ಇವತ್ತೂ ಲೇಟು. ಹುಬ್ಬು ಗಂಟಿಕ್ಕಿತು.

ಅದು ಅವಳ ಹುಬ್ಬಾಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರೇ ಬಂದು ಅವಳ ಮುಖದಲ್ಲಿ ಗೊಣಗಿದ್ದರು.

ಅಷ್ಟರಲ್ಲಿ ಮೇದಿನಿ ಒದ್ದೆ ಕಾಲಲ್ಲಿ ಓಡಿಬಂದು ಅಜ್ಜಿಯ ಎಡಕ್ಕೆ ಕೂರಲು ಹೋದಳು. ಮಾವಿಸ್ ತಟ್ಟನೆ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಆ ಕಡೆಯಿಂದ ಬಾ. ಇಲ್ಲಿ ನಿನ್ನ ತಾತ ಕೂತಿದ್ದಾರೆ, ಕಾಫಿ ಚೆಲ್ಲೀತು."