ಮೂಟೆ ಹೊರುವ ವೀರ

"ಗುರುಗಳೇ, ಪಾತ್ರವನ್ನು ಹೇಗೆ ಕಟ್ಟಿದರೆ ಸೋಲು ಬರುವುದಿಲ್ಲ?"

ಹೀಗೆ ಕೇಳಿದವನು ಮುಕುಂದ. ಕೇಳಿಸಿಕೊಂಡವರು ನಂಜುಂಡ ಜೋಯಿಸರು. ಜೋಯಿಸರು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿ ನಿವೃತ್ತರಾದವರು. ಈಗ ಶನಿವಾರದ ಸಂಜೆ ಮನೆಯಲ್ಲೇ ನಾಲ್ಕು ಜನರಿಗೆ ಗಮಕ ಕಲಿಸುತ್ತಾರೆ. ಮುಕುಂದ ಅವರಲ್ಲೊಬ್ಬ; ಪಾಠ ಮುಗಿದು ಉಳಿದವರು ಹೊರಟುಹೋಗಿದ್ದರು. ಹೊರಗಿನವರು ಯಾರಾದರೂ ಅಲ್ಲಿದ್ದರೆ ಇದು ಯಾವುದೋ ಕಾವ್ಯದ ವಿಚಾರವೆಂದು ತಿಳಿದು ಕೈಮುಗಿದು ಕೂರುತ್ತಿದ್ದರು. ಪ್ರಶ್ನೆ ವಿಡಿಯೋ ಗೇಮಿನದು.

ಮಾಯಾಲೋಕದಲ್ಲಿ ನಡೆಯುವ ಆಟಗಳಿವೆ. ಆಡುವವನು ಮೊದಲು ತನಗೊಂದು ಪಾತ್ರ ಕಟ್ಟಿಕೊಳ್ಳಬೇಕು. ಕತ್ತಿಯವನೋ, ಬಿಲ್ಲಿನವನೋ, ಮಂತ್ರವಾದಿಯೋ, ಗಾಯ ಮಾಯಿಸುವ ವೈದ್ಯನೋ. ಗೆದ್ದ ಹಾಗೆಲ್ಲ ಒಂದಿಷ್ಟು ಪಾಯಿಂಟು ಸಿಗುತ್ತದೆ. ಅದನ್ನು ಬಲಕ್ಕೆ ಹಾಕಬಹುದು, ಬುದ್ಧಿಗೆ ಹಾಕಬಹುದು, ಮಾತಿನ ಚಾತುರ್ಯಕ್ಕೂ ಹಾಕಬಹುದು. ಎಲ್ಲಕ್ಕೂ ಹಾಕಲು ಸಾಲುವುದಿಲ್ಲ. ಆಟದ ರುಚಿ ಇರುವುದೇ ಅಲ್ಲಿ. ಜೋಯಿಸರಿಗೂ ಆ ರುಚಿ ಹತ್ತಿತ್ತು. ಹತ್ತಿಸಿದವನು ಮುಕುಂದನೇ. ಅವರು ಯಾವ ಆಟವಾದರೂ ವೈದ್ಯರಾಗಿಯೇ ಆಡುವರು. "ಹೊಡೆಯುವ ತಾಪತ್ರಯ ನನಗೆ ಬೇಡ ಮಾರಾಯ. ಹೊಡೆಸಿಕೊಂಡು ಬಂದವರಿಗೆ ಮದ್ದು ಹಚ್ಚುತ್ತೇನೆ, ಅಷ್ಟು ಸಾಕು" ಎನ್ನುವರು.

ಮುಕುಂದ ಆ ಪ್ರಶ್ನೆಯನ್ನು ಸುಮ್ಮನೆ ಕೇಳಿರಲಿಲ್ಲ. ಅವನದು ನಾಲ್ವರ ತಂಡ. ಭಾನುವಾರ ಬಂತೆಂದರೆ ಅವರವರ ಮನೆಯಲ್ಲೇ ಕೂತು ಒಟ್ಟಿಗೆ ಆಡುತ್ತಾರೆ. ಅವರಲ್ಲಿ ಚೆನ್ನಕೇಶವ ಹೈಸ್ಕೂಲಿನಿಂದ ಮುಕುಂದನ ಜೊತೆಗಿದ್ದವನು. ಅವನು ಕಟ್ಟಿದ ಪಾತ್ರ ಹಾಡುಗಾರನದು. ಬಂದ ಪಾಯಿಂಟನ್ನೆಲ್ಲ ಹಾಡಿಗೇ ಸುರಿಯುವನು. ಎದುರಿಗೆ ರಾಕ್ಷಸ ಗದೆ ಎತ್ತಿದರೆ ಇವನು ತಂಬೂರಿ ಎತ್ತುವನು. ಹಾಡು ಕೇಳಿ ರಾಕ್ಷಸ ಒಮ್ಮೊಮ್ಮೆ ತೂಕಡಿಸುವುದುಂಟು. ಹೆಚ್ಚಾಗಿ ತೂಕಡಿಸುವುದಿಲ್ಲ. ತಂಡ ಎಷ್ಟೋ ವಾರದಿಂದ ಒಂದೇ ಸೇತುವೆಯ ಬಳಿ ಸಾಯುತ್ತಿತ್ತು. ಉಳಿದಿಬ್ಬರು ಅವತ್ತು ಬೆಳಿಗ್ಗೆ ಮುಕುಂದನಿಗೆ ಹೇಳಿದ್ದರು: "ಅವನ ಜಾಗಕ್ಕೆ ಬೇರೆಯವನನ್ನು ನೋಡಿಟ್ಟಿದ್ದೇವೆ. ನಾಳೆಯಿಂದ ಬರಬೇಡ ಅಂತ ನೀನೇ ಹೇಳು. ಗೆಳೆಯ ನಿನ್ನವನು."

ಇದನ್ನು ಮುಕುಂದ ಗುರುಗಳ ಮುಂದೆ ಬಾಯಿ ಬಿಡಲಿಲ್ಲ. ಬಲ ಇಷ್ಟಿರಲಿ, ಬುದ್ಧಿ ಇಷ್ಟಿರಲಿ, ಹಾಡುಗೀಡು ಬೇಡ ಎಂದು ಗುರುಗಳು ಅಂದುಬಿಟ್ಟರೆ ಅವನಿಗೆ ಸಾಕಿತ್ತು. ಆ ಮಾತನ್ನು ಹಾಗೆಯೇ ಚೆನ್ನಕೇಶವನಿಗೆ ದಾಟಿಸಿ ತಾನು ಪಕ್ಕಕ್ಕೆ ಸರಿದು ನಿಲ್ಲಬಹುದಿತ್ತು.

ಜೋಯಿಸರು ಪುಸ್ತಕ ಮುಚ್ಚಿದರು. "ಕೂತುಕೋ. ಒಂದು ಕತೆ ಹೇಳುತ್ತೇನೆ."

"ಬರೀ ಉತ್ತರ ಹೇಳಿದ್ದರೂ ಆಗುತ್ತಿತ್ತು, ಗುರುಗಳೇ."

"ಉತ್ತರ ತೀರಾ ಚಿಕ್ಕದು. ಒಳಗಿನಿಂದ ಕಾಫಿ ಬರುವ ತನಕ ಎಳೆಯಲಿಕ್ಕೆ ಆಗುವುದಿಲ್ಲ. ಕತೆಯಾದರೆ ಎಳೆಯಬಹುದು."

ಜೋಯಿಸರು ಹೇಳಿದ ಕತೆ ಇದು.

ಒಂದು ಊರು. ಅಲ್ಲೊಬ್ಬ ಗುಜರಿ ವ್ಯಾಪಾರಿ, ಒಬ್ಬ ಕ್ಷೌರಿಕ. ಇಬ್ಬರ ಅಂಗಡಿಗಳೂ ಎದುರುಬದುರು. ಮಂಗಳವಾರ ಕ್ಷೌರದಂಗಡಿಗೆ ರಜೆ. ಹಾಗಾಗಿ ವ್ಯಾಪಾರಿಯೂ ಮಂಗಳವಾರ ಮಧ್ಯಾಹ್ನ ತನ್ನ ಬಾಗಿಲು ಎಳೆಯುತ್ತಿದ್ದ. ಕ್ಷೌರಿಕನ ಅಂಗಡಿಯಲ್ಲಿ ದೊಡ್ಡದೊಂದು ಟಿ.ವಿ. ಇತ್ತು. ಗಿರಾಕಿಗಳು ಕೂರುವ ತಿರುಗುಕುರ್ಚಿಗಳನ್ನು ಅದರ ಕಡೆಗೆ ತಿರುಗಿಸಿಕೊಂಡು ಇಬ್ಬರೂ ಆಡಲು ಕೂರುವರು.

ಕ್ಷೌರಿಕ ಕಟ್ಟಿದ ಪಾತ್ರ ಎರಡು ಚೂರಿಯ ಬೇಹುಗಾರ. ಪಾಯಿಂಟೆಲ್ಲ ಚುರುಕಿಗೆ. ಹೆಜ್ಜೆಯ ಸಪ್ಪಳವೇ ಇಲ್ಲ. ಶತ್ರುವಿನ ಬೆನ್ನಿನ ಕಡೆಯಿಂದ ಬಂದು, ಅವನು ಕತ್ತು ತಿರುಗಿಸುವಷ್ಟರಲ್ಲಿ ಕೆಲಸ ಮುಗಿಸುವನು.

ವ್ಯಾಪಾರಿ ಕಟ್ಟಿದ್ದು ದೈತ್ಯದೇಹದವನನ್ನು. ಪಾಯಿಂಟೆಲ್ಲ ಬಲಕ್ಕೆ. ನೋಡಿದವರು ಇವನೇನೋ ಬೆಟ್ಟ ಪುಡಿಮಾಡುತ್ತಾನೆ ಎಂದುಕೊಳ್ಳಬೇಕು. ಅವನು ಬಲ ಬೆಳೆಸಿದ್ದು ಹೊಡೆಯಲಿಕ್ಕಲ್ಲ. ಆ ಆಟದಲ್ಲಿ ಬಲ ಹೆಚ್ಚಿದಷ್ಟೂ ಹೊರುವ ಭಾರ ಹೆಚ್ಚುತ್ತದೆ. ಅವನು ಬಲ ಬೆಳೆಸಿದ್ದು ಮೂಟೆ ಹೊರಲಿಕ್ಕೆ. ಗುಹೆಯಲ್ಲಿ ಬಿದ್ದ ತುಕ್ಕು ಕತ್ತಿ, ಸೊಟ್ಟ ಸೌಟು, ಹಿಡಿಯಿಲ್ಲದ ಬಾಣಲೆ, ಒಂಟಿ ಎಕ್ಕಡ, ಯಾವುದನ್ನೂ ಬಿಡುವವನಲ್ಲ. ಮೂಟೆ ಮಿತಿ ಮೀರಿದರೆ ಪಾತ್ರ ಓಡುವುದಿಲ್ಲ, ತೆವಳುತ್ತದೆ. ಅವನದು ಸದಾ ತೆವಳುತ್ತಲೇ ಇತ್ತು.

"ಅಣ್ಣಾ, ಆ ಬಾಣಲೆಗೆ ತಳವೇ ಇಲ್ಲ. ಬಿಸಾಕು" ಎನ್ನುವನು ಕ್ಷೌರಿಕ.

"ತಳ ಇಲ್ಲದಿದ್ದರೇನಾಯಿತು, ಅಂಚು ಗಟ್ಟಿಯಾಗಿದೆ."

"ರಾಕ್ಷಸ ಬರುತ್ತಿದ್ದಾನೆ."

"ಬರಲಿ ಬಿಡು. ಅವನ ಸೊಂಟದಲ್ಲೂ ಏನಾದರೂ ಇರುತ್ತದೆ."

ಆಟದೊಳಗೆ ವ್ಯಾಪಾರಿಗೆ ಒಂದು ಗುಡಿಸಲಿತ್ತು. ಹೊತ್ತು ತಂದದ್ದನ್ನೆಲ್ಲ ಅಲ್ಲಿ ಜೋಡಿಸಿಡುವನು. ಸೌಟುಗಳಿಗೆ ಒಂದು ಗೋಡೆ. ಬಾಣಲೆಗಳಿಗೆ ಒಂದು ಗೋಡೆ. ತನ್ನ ಅಂಗಡಿಯಲ್ಲಿ ಅವನು ಬಂದ ಪಾತ್ರೆಯನ್ನೆಲ್ಲ ತೂಗಿ, ಜಜ್ಜಿ, ಮೂಟೆ ಕಟ್ಟಿ ಕರಗಿಸಲು ಕಳುಹಿಸುತ್ತಿದ್ದ. ಇಲ್ಲಿ ಒಂದು ಚಮಚವನ್ನೂ ಎಲ್ಲಿಗೂ ಕಳುಹಿಸಲಿಲ್ಲ. ಆಟ ಮುಗಿಸಿ ಏಳುವ ಮೊದಲು ಆ ಗುಡಿಸಲಿನೊಳಗೆ ಒಂದು ಸುತ್ತು ಹಾಕುವನು. ಕ್ಷೌರಿಕ ಬೈಯುತ್ತಲೇ ಹಿಂದೆ ಹಿಂದೆ ಸುತ್ತುವನು. ಆಮೇಲೆ ಚಹಾ ತರಿಸುವರು. ಎರಡು ಅಂಗಡಿಯ ನಡುವೆ ವಾರವೆಲ್ಲ ಹುಟ್ಟಿದ ಸುದ್ದಿ ಆ ಚಹಾದಲ್ಲಿ ಮುಗಿಯುವುದು.

ಹೀಗಿರುವಾಗ ಇಬ್ಬರೂ ಒಂದು ಅರಮನೆಯ ಹೆಬ್ಬಾಗಿಲಿಗೆ ಬಂದರು. ಅಲ್ಲಿ ಕಾವಲಿಗೆ ಒಬ್ಬ ರಾಕ್ಷಸ. ಅವನ ಕೈಯಲ್ಲಿ ಸರಪಳಿಗೆ ಕಟ್ಟಿದ ಕಬ್ಬಿಣದ ಗುಂಡು. ಅವನು ಬೀಸಿದಾಗ ಓಡಬೇಕು. ಕ್ಷೌರಿಕ ಓಡಿದ. ವ್ಯಾಪಾರಿ ತೆವಳಿದ. ವ್ಯಾಪಾರಿ ಬಿದ್ದ ಮೇಲೆ ಕ್ಷೌರಿಕನೊಬ್ಬನೇ ಎಷ್ಟು ಹೊತ್ತು ನಿಂತಾನು? ಆ ಮಂಗಳವಾರ ಸೋತರು. ಮುಂದಿನ ಮಂಗಳವಾರವೂ ಸೋತರು. ಆಮೇಲೆ ಸೋಲುವುದೇ ರೂಢಿಯಾಯಿತು.

ಕ್ಷೌರಿಕ ಅಲ್ಲಿ ಇಲ್ಲಿ ವಿಚಾರಿಸಿದ. ಯಾರೋ ಪರಿಣತ ಮಾಡಿಟ್ಟ ವಿಡಿಯೋ ನೋಡಿದ. ಚೂರಿಯವನಿಗೆ ಜೊತೆಯಾಗಬೇಕಾದವನು ಬೆಂಕಿಯ ಮಂತ್ರವಾದಿ, ಅವನು ದೂರದಲ್ಲಿ ನಿಂತು ಸುಡಬೇಕು ಎಂದು ಅದರಲ್ಲಿ ಹೇಳಿತ್ತು. ಕ್ಷೌರಿಕ ವ್ಯಾಪಾರಿಗೆ ಹೇಳಿದ: "ಅಣ್ಣಾ, ಮುಂದಿನ ವಾರ ಮೂಟೆ ಇಳಿಸಿ ಬಾ. ಆಗುವುದಿಲ್ಲ ಅಂದರೆ ನಾನು ಬೇರೆ ಜೊತೆ ನೋಡಿಕೊಳ್ಳುತ್ತೇನೆ."

ಇಲ್ಲಿ ಮುಕುಂದ ಬಾಯಿ ಹಾಕಿದ. "ಕ್ಷೌರಿಕ ಹೇಳಿದ್ದರಲ್ಲಿ ತಪ್ಪೇನಿದೆ, ಗುರುಗಳೇ? ಆಟ ಅಂದಮೇಲೆ ಗೆಲ್ಲಬೇಕಲ್ಲ."

"ತಪ್ಪು ಅಂತ ನಾನೆಲ್ಲಿ ಅಂದೆ?" ಎಂದರು ಜೋಯಿಸರು. "ಕಾಫಿ ಇನ್ನೂ ಬಂದಿಲ್ಲ. ಕೇಳು."

ವ್ಯಾಪಾರಿ ಯೋಚಿಸಿದ. ಆಟ ಹೋದರೆ ಹೋಗಲಿ ಎನ್ನಬಹುದಿತ್ತು. ಮಂಗಳವಾರ ಹೋಗುವುದು ಅವನಿಗೆ ಬೇಕಿರಲಿಲ್ಲ. ಆ ಆಟದಲ್ಲಿ ಒಂದು ಕೊಳವಿದೆ. ಅದರಲ್ಲಿ ಮುಳುಗಿ ಎದ್ದರೆ ಹಿಂದೆ ಹಾಕಿದ ಪಾಯಿಂಟೆಲ್ಲ ಕೈಗೆ ವಾಪಸು ಬರುತ್ತದೆ, ಹೊಸದಾಗಿ ಹಾಕಿಕೊಳ್ಳಬಹುದು. ವ್ಯಾಪಾರಿ ಮೂಟೆಯನ್ನು ದಡದಲ್ಲಿ ಇಳಿಸಿ ಮುಳುಗಿದ. ದೈತ್ಯ ಹೋಗಿ ಬಡಕಲು ಮಂತ್ರವಾದಿ ಎದ್ದು ಬಂದ. ವಿಡಿಯೋ ಹೇಳಿದ ಹಾಗೆಯೇ ನಿಂತ, ಹೇಳಿದ ಹಾಗೆಯೇ ಸುಟ್ಟ. ಹೆಬ್ಬಾಗಿಲಿನ ರಾಕ್ಷಸ ಚಹಾ ಆರುವುದರೊಳಗೆ ಬೂದಿಯಾದ.

ಕ್ಷೌರಿಕ ಕುರ್ಚಿಯನ್ನು ಗರಗರ ತಿರುಗಿಸಿದ. ಅರಮನೆಯ ಬಾಗಿಲು ತೆರೆಯಿತು. ಒಳಗೆ ಒಂದು ಉಗ್ರಾಣ. ನೆಲದಿಂದ ಮಾಳಿಗೆಯವರೆಗೆ ಸಾಮಾನು. ವ್ಯಾಪಾರಿಯ ಮಂತ್ರವಾದಿ ಅದರ ನಡುವೆ ನಡೆದು ಆಚೆ ಬಾಗಿಲಿಗೆ ಹೋಗಿ ನಿಂತ.

"ಅಣ್ಣಾ, ಏನೂ ಹೆಕ್ಕುವುದಿಲ್ಲವೇ?"

"ಹೆಕ್ಕಿ ಏನು ಮಾಡಲಿ? ಈ ಬಡಕಲನ ಕೈಯಲ್ಲಿ ಮಂತ್ರದ ಕೋಲು ಬಿಟ್ಟು ಬೇರೇನೂ ಏಳುವುದಿಲ್ಲ."

ಆಮೇಲಿನ ವಾರಗಳಲ್ಲೂ ವ್ಯಾಪಾರಿ ಬಂದ. ಹೇಳಿದ ಹೊತ್ತಿಗೆ ಬಂದ, ಸುಡಬೇಕಾದವರನ್ನು ಸುಟ್ಟ, ಚಹಾ ಬರುವ ಮೊದಲೇ ಎದ್ದು ಹೋದ. ಗುಡಿಸಲಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಒಂದು ಮಂಗಳವಾರ ಅವನ ಅಂಗಡಿಯ ಬಾಗಿಲು ಮಧ್ಯಾಹ್ನವೂ ತೆರೆದೇ ಇತ್ತು. ಲಾರಿ ಬರುತ್ತದೆ ಎಂದ. ಅದರ ಮುಂದಿನ ವಾರವೂ ಲಾರಿ ಬರುತ್ತದೆ ಎಂದ. ಅಷ್ಟೊಂದು ಲಾರಿ ಬರುವ ಊರು ಅದಲ್ಲ.

ಕ್ಷೌರಿಕ ಬೇರೆ ಜೊತೆ ಹುಡುಕಿಕೊಂಡ. ಎಲ್ಲೋ ದೂರದ ಊರಿನಲ್ಲಿ ಕೂತು ಆಡುವವನು, ಬಹಳ ನುರಿತವನು. ಒಂದು ಹೆಜ್ಜೆ ತಪ್ಪಿಡುವವನಲ್ಲ, ಒಂದು ಮಾತು ಆಡುವವನಲ್ಲ. ಇಬ್ಬರೂ ಕೋಣೆಯ ಮೇಲೆ ಕೋಣೆ ಗೆಲ್ಲುತ್ತ ಹೋದರು. ಹೀಗೆ ಹೋಗುತ್ತ ಅರಮನೆಯ ಅಡುಗೆಮನೆಗೆ ಬಂದರು. ಅಲ್ಲಿ ನೆಲದ ಮೇಲೆ ಸೊಟ್ಟದೊಂದು ಸೌಟು ಬಿದ್ದಿತ್ತು. ಕ್ಷೌರಿಕ ಅದರ ಮುಂದೆ ನಿಂತುಬಿಟ್ಟ. ವ್ಯಾಪಾರಿಯ ಜೊತೆ ಆಡುವಾಗ ಹೀಗೆಯೇ ನಿಲ್ಲುತ್ತಿದ್ದ. ನಿಂತು ಬೈಯುತ್ತಿದ್ದ. ಇವತ್ತು ಬೈಯಲಿಕ್ಕೆ ಹಿಂದೆ ಯಾರೂ ತೆವಳಿ ಬರುತ್ತಿರಲಿಲ್ಲ.

"ಯಾಕೆ ನಿಂತಿರಿ?" ಎಂದು ಹೊಸಬ ಕೇಳಿದ. ಅಷ್ಟು ದಿನಕ್ಕೆ ಅವನು ಆಡಿದ ಮೊದಲ ಮಾತು ಅದು.

ಮರುದಿನ ಬುಧವಾರ. ಕ್ಷೌರಿಕ ಒಬ್ಬ ಗಿರಾಕಿಯ ಒಂದು ಕೆನ್ನೆಗೆ ನೊರೆ ಹಚ್ಚಿದ್ದ. ಇನ್ನೊಂದು ಕೆನ್ನೆಗೆ ಹಚ್ಚುವ ಬದಲು ಬ್ರಷ್ ಹಿಡಿದುಕೊಂಡೇ ರಸ್ತೆ ದಾಟಿದ. ವ್ಯಾಪಾರಿ ತಕ್ಕಡಿಯ ಮುಂದೆ ಕೂತಿದ್ದ.

"ಅಣ್ಣಾ, ಅರಮನೆಯ ಅಡುಗೆಮನೆಯಲ್ಲಿ ಒಂದು ಸೌಟು ಬಿದ್ದಿದೆ."

ವ್ಯಾಪಾರಿ ತೂಗುವುದನ್ನು ನಿಲ್ಲಿಸಲಿಲ್ಲ. "ಬಿದ್ದಿರಲಿ."

"ಹಿತ್ತಾಳೆಯದು."

ವ್ಯಾಪಾರಿಯ ಕೈ ನಿಂತಿತು. "ಒಂದೇ ಇದೆಯೋ?"

"ನನಗೆ ಕಂಡದ್ದು ಒಂದೇ."

"ಅರಮನೆಯ ಅಡುಗೆಮನೆ ಅಂದಮೇಲೆ ಒಂದೇ ಸೌಟು ಎಲ್ಲಾದರೂ ಇರುತ್ತದೆಯೇ? ಒಲೆಯ ಹಿಂದೆ ಬಗ್ಗಿ ನೋಡಿದೆಯಾ?"

"ಇಲ್ಲ."

"ನೀನೆಲ್ಲಿ ನೋಡುತ್ತೀಯ. ನಿನಗೆ ಬರೀ ಬೆನ್ನು ಕಾಣಬೇಕು, ಚುಚ್ಚಬೇಕು." ಹಾಗೆಂದು ತಕ್ಕಡಿಯಲ್ಲಿದ್ದದ್ದನ್ನು ಕೆಳಗಿಟ್ಟ. "ಆ ಗಿರಾಕಿಯ ಮುಖ ಒಣಗುತ್ತಿದೆ, ಮೊದಲು ಹೋಗು. ಮಂಗಳವಾರ ಬರುತ್ತೇನೆ."

ಮಂಗಳವಾರ ವ್ಯಾಪಾರಿ ಮತ್ತೆ ಕೊಳದಲ್ಲಿ ಮುಳುಗಿದ. ಬಡಕಲ ಹೋಗಿ ದೈತ್ಯ ಎದ್ದು ಬಂದ. ದಡದಲ್ಲಿ ಬಿಟ್ಟ ಮೂಟೆ ಅಲ್ಲಿಯೇ ಇತ್ತು. ಎತ್ತಿಕೊಂಡ. ಅಡುಗೆಮನೆಗೆ ಹೋಗಿ ಒಲೆಯ ಹಿಂದೆ ಬಗ್ಗಿ ನೋಡಿದರೆ ಅಲ್ಲಿ ಸೌಟಿರಲಿಲ್ಲ. ಮದುವೆಮನೆಗಾಗುವಷ್ಟು ದೊಡ್ಡದೊಂದು ಕೊಪ್ಪರಿಗೆ ಇತ್ತು. ವ್ಯಾಪಾರಿ ಅದರ ಸುತ್ತ ಒಂದು ಸುತ್ತು ಬಂದ. ಆಮೇಲೆ ಹೆಗಲಿಗೇರಿಸಿದ. ಪಾತ್ರ ತೆವಳುವುದನ್ನೂ ಬಿಟ್ಟು ನಿಂತೇಬಿಟ್ಟಿತು.

ಆಗ ಕ್ಷೌರಿಕ ಒಂದು ಕೆಲಸ ಮಾಡಿದ. ತನ್ನ ಬಳಿ ಉಳಿದಿದ್ದ ಪಾಯಿಂಟನ್ನು ಚುರುಕಿಗೆ ಹಾಕಲಿಲ್ಲ, ಬಲಕ್ಕೆ ಹಾಕಿದ. ಯಾವ ವಿಡಿಯೋದಲ್ಲೂ ಯಾರೂ ಹಾಗೆ ಹೇಳಿಲ್ಲ.

"ಇದೇನು ಮಾಡಿದೆಯೋ? ಚೂರಿಯವನಿಗೆ ಬಲ ಯಾಕೆ?" ಎಂದ ವ್ಯಾಪಾರಿ.

"ಸೌಟುಗಳನ್ನು ಇತ್ತ ಕೊಡು. ನೀನು ಕೊಪ್ಪರಿಗೆ ಹೊರು."

ಇಬ್ಬರೂ ತೆವಳಿಕೊಂಡು ಮುಂದಿನ ಬಾಗಿಲಿಗೆ ಹೋದರು. ಅಲ್ಲಿ ಇನ್ನೊಬ್ಬ ರಾಕ್ಷಸನಿದ್ದ. ಅವನು ಇಬ್ಬರನ್ನೂ ಒಂದೇ ಏಟಿಗೆ ಮಲಗಿಸಿದ. ಇಬ್ಬರೂ ನಕ್ಕರು. ಚಹಾ ತರಿಸಿದರು.

ಜೋಯಿಸರು ಕತೆ ನಿಲ್ಲಿಸಿದರು. ಒಳಗಿನಿಂದ ಕಾಫಿ ಬಂತು. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಮ್ಮದಿಯಾಗಿ ಒಂದು ಗುಟುಕು ಕುಡಿದರು.

ಮುಕುಂದ ಕಾದ. ಕತೆ ಇನ್ನೂ ಇದೆ ಎಂದುಕೊಂಡಿದ್ದ. "ಕೊನೆಗೆ ಆ ಎರಡನೆಯ ರಾಕ್ಷಸನನ್ನು ಗೆದ್ದರೇ, ಗುರುಗಳೇ?"

"ಗೆದ್ದರೋ ಏನೋ. ನಾನು ವಿಚಾರಿಸಲಿಲ್ಲ."

"ಹಾಗಾದರೆ ನಾನು ಕೇಳಿದ್ದಕ್ಕೆ ಉತ್ತರ? ಸೋಲು ಬಾರದ ಹಾಗೆ ಪಾತ್ರ ಕಟ್ಟುವುದು ಹೇಗೆ?"

ಜೋಯಿಸರು ಲೋಟ ಕೆಳಗಿಟ್ಟು ಶಿಷ್ಯನ ಮುಖ ನೋಡಿದರು.

"ಯಾರನ್ನು ಬಿಟ್ಟು ಗೆಲ್ಲಬೇಕು ಅಂತಿದ್ದೀಯಪ್ಪ, ಮುಕುಂದ?"