ಕಂತ್ರಿ ನಾಯಿಯ ಒಂದು ಕಿವಿ ಯಾಕೆ ಮಡಚಿದೆ

ಲೋಕ ಆಗ ತಾನೇ ತಯಾರಾಗಿತ್ತು. ಎಷ್ಟು ಹೊಸದು ಅಂದರೆ, ಗುಡ್ಡಗಳ ಹಸಿಮಣ್ಣು ಇನ್ನೂ ಒಣಗಿರಲಿಲ್ಲ. ಯಾರಾದರೂ ಮರೆತು ಒರಗಿ ಕೂತರೆ ಏಳುವಾಗ ಬೆನ್ನಿಗೆ ಅರ್ಧ ಗುಡ್ಡ ಅಂಟಿಕೊಂಡು ಬರುತ್ತಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಬೆಳಿಗ್ಗೆ ಈ ಕಡೆ ಹರಿದು ಹೋಗಿ, ಸಂಜೆ ತಲೆ ಕೆರೆದುಕೊಂಡು ವಾಪಸ್ ಬರುತ್ತಿತ್ತು.

ಇಡೀ ಲೋಕಕ್ಕೆ ಆಗ ಇದ್ದದ್ದು ಒಂದೇ ಒಂದು ಬೆಂಕಿ. ಅದು ಒಂದು ಬಂಡೆಗುಡ್ಡದ ನೆತ್ತಿಯ ಮೇಲೆ, ದೊಡ್ಡ ಮಣ್ಣಿನ ಗುಡಾಣದೊಳಗೆ ಉರಿಯುತ್ತಿತ್ತು. ಅದನ್ನು ಕಾಯೋಕೆ ಒಂದು ದಂಡು. ದಂಡು ಅಂದರೆ ಸೈನ್ಯ. ದಂಡಿಗೆ ಒಬ್ಬ ದಳವಾಯಿ, ಹೆಸರು ಸಿಂಗರಾಯ. ಗುಡಾಣಕ್ಕೆ ಸೌದೆ ಹಾಕೋಕೆ ಮಾರವ್ವ ಅನ್ನೋ ಮುದುಕಿ. ನಿಜ ಹೇಳಬೇಕು ಅಂದರೆ, ಆ ಗುಡ್ಡದ ಮೇಲೆ ಕೆಲಸ ಅಂತ ಮಾಡುತ್ತಿದ್ದದ್ದು ಮಾರವ್ವ ಒಬ್ಬಳೇ.

ಬೆಂಕಿಗೆ ಒಬ್ಬ ಶತ್ರು ಇದ್ದ. ಅವನೇ ಮಂಜು. ಕೆಳಗಿನ ಕಣಿವೆಯಲ್ಲಿ ಅವನ ವಾಸ. ಬೆಳ್ಳಗೆ, ಒದ್ದೆ ಒದ್ದೆಯಾಗಿ, ಹೆಜ್ಜೆ ಸಪ್ಪಳವೇ ಇಲ್ಲದೆ ಓಡಾಡುತ್ತಿದ್ದ. ಬೆಂಕಿ ಕಂಡರೆ ಅವನಿಗೆ ಮೈಯೆಲ್ಲಾ ಕರಗುತ್ತಿತ್ತು. ಆ ಒಂದು ಬೆಂಕಿ ಆರಿಹೋದರೆ ಸಾಕು, ಇಡೀ ಲೋಕದ ಮೇಲೆ ಕಾಲು ಚಾಚಿ ಮಲಗಬಹುದು ಅಂತ ಅವನು ಕಾಯುತ್ತಾ ಕೂತಿದ್ದ.

ದಳವಾಯಿ ಸಿಂಗರಾಯ ಕೆಟ್ಟವನೇನಲ್ಲ. ಅವನಿಗೆ ಇದ್ದದ್ದು ಒಂದೇ ಚಾಳಿ. ಅವನು ಎಲ್ಲಿಗೆ ಹೊರಟರೂ ಮುಂದೆ ಒಬ್ಬ ಹೊಗಳುಭಟ ನಿಂತು, ಅವನ ಬಿರುದುಗಳನ್ನೆಲ್ಲಾ ಕೂಗಿ ಪರಾಕು ಹೇಳಬೇಕು. ಸಭೆಗೆ ಬಂದರೂ ಪರಾಕು. ಸ್ನಾನಕ್ಕೆ ಹೋದರೂ ಪರಾಕು. ಊಟಕ್ಕೆ ಕೂತರೂ ಪರಾಕು. ಬಿರುದು ಮುಗಿಯೋ ಹೊತ್ತಿಗೆ ತಟ್ಟೆಯಲ್ಲಿದ್ದ ಮುದ್ದೆ ಕಲ್ಲಾಗಿರುತ್ತಿತ್ತು. ಅದನ್ನು ಕವಣೆಗೆ ಇಟ್ಟು ಬೀಸಿದ್ದರೆ ಯಾವ ಶತ್ರುವೂ ಹತ್ತಿರ ಬರುತ್ತಿರಲಿಲ್ಲ. ಪಾಪ, ಸಿಂಗರಾಯ ಅದನ್ನೇ ತಿನ್ನುತ್ತಿದ್ದ.

ದಂಡಿನಲ್ಲಿ ಮೂರು ನಾಯಿಗಳಿದ್ದವು. ಆಗಿನ ಕಾಲದಲ್ಲಿ ನಾಯಿಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಇಟ್ಟ ಹಾಗೆ ವಿಂಗಡಿಸಿದ್ದರು. ಒಂದು ಕುಲಕ್ಕೆ ಒಂದೇ ಗುಣ.

ಮೂಸರಾಯನದು ಮೂಗಿನ ಕುಲ. ಮೂರು ಗುಡ್ಡದ ಆಚೆ ಯಾರಾದರೂ ಈರುಳ್ಳಿ ಹೆಚ್ಚಿದರೆ ಇವನ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ದನಿ ಮಾತ್ರ ಸೊಳ್ಳೆಯಷ್ಟು. ಬಾಣರಾಯನದು ಕಾಲಿನ ಕುಲ. ಇವನು ಓಡಿದರೆ ಇವನ ನೆರಳು ಹಿಂದೆ ಉಳಿದು ಏದುಸಿರು ಬಿಡುತ್ತಿತ್ತು. ಆದರೆ ಎತ್ತ ಓಡಬೇಕು ಅಂತ ಗೊತ್ತಾಗದೆ, ಬಹಳ ಬೇಗ ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತಿದ್ದ. ಮೂರನೆಯವನು ಗುಡುಗಯ್ಯ. ಇವನದು ಗಂಟಲಿನ ಕುಲ. ಒಂದು ಸಲ ಬೊಗಳಿದರೆ ಮರದ ಮೇಲಿನ ಕಾಯಿ ಉದುರುತ್ತಿತ್ತು. ಯಾಕೆ ಬೊಗಳಿದೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಿದ್ದ.

ಈ ಮೂವರೂ ದಳವಾಯಿಯ ಪರಾಕು ಕೇಳಿ ಕೇಳಿ ತಾವೂ ಅದನ್ನೇ ಕಲಿತರು. ಕೊನೆಗೆ ಒಂದು ಕಟ್ಟುಪಾಡನ್ನೇ ಮಾಡಿಕೊಂಡರು. ಯಾರಾದರೂ ಗುಡ್ಡ ಹತ್ತಿ ಬಂದರೆ ಮೊದಲು ಮೂಸರಾಯ ತನ್ನ ಏಳು ತಲೆಮಾರಿನ ವಂಶಾವಳಿ ಹೇಳಬೇಕು. ಆಮೇಲೆ ಬಾಣರಾಯ ಏಳು ತಲೆಮಾರು. ಆಮೇಲೆ ಗುಡುಗಯ್ಯ ಏಳು ತಲೆಮಾರು. ಅದೆಲ್ಲಾ ಮುಗಿದ ಮೇಲೆಯೇ ಬೊಗಳಬೇಕು. ವಂಶ ಹೇಳದೆ ಬೊಗಳಿದರೆ ಅದು ಬೊಗಳಿಕೆಯೇ ಅಲ್ಲ, ಬರೀ ಕೆಮ್ಮು.

ಅಲ್ಲಿಯವರೆಗೆ ಗುಡ್ಡಕ್ಕೆ ಬಂದ ಕಳ್ಳ ಅಂದರೆ ಕಾಗೆ ಒಂದೇ. ವಂಶಾವಳಿ ಮುಗಿಯೋ ಹೊತ್ತಿಗೆ ಕಾಗೆ ಬಂದು, ತಿಂದು, ಒಂದು ನಿದ್ದೆ ತೆಗೆದು, ಹೋಗಿಬರ್ತೀನಿ ಅಂತ ಹೇಳಿ ಹೋಗಿರುತ್ತಿತ್ತು. ಹಾಗಾಗಿ ಯಾರಿಗೂ ತೊಂದರೆ ಅನ್ನಿಸಿರಲಿಲ್ಲ.

ಹೀಗಿರುವಾಗ ಲೋಕದ ಮೊಟ್ಟಮೊದಲ ಚಳಿಗಾಲ ಬಂತು.

ಹೊಳೆಯ ದಂಡೆಯ ಪೊದೆಯಲ್ಲಿ ಕೌದಿ ಅನ್ನೋ ಒಂದು ಹೆಣ್ಣು ನಾಯಿ ಮರಿ ಹಾಕಿತ್ತು. ಆಗ ಇಡೀ ಲೋಕದಲ್ಲಿ ಬೆರಕೆ ನಾಯಿ ಅಂತ ಇದ್ದದ್ದು ಅದೊಂದೇ. ಯಾವ ಕುಲದ ಮಗಳು ಯಾವ ಕುಲದವರ ಬೇಲಿ ಹಾರಿದ್ದಳೋ, ಅದನ್ನೆಲ್ಲಾ ಕೇಳಬೇಡಿ. ಹಳೇ ಸೀರೆ, ಹಳೇ ಪಂಚೆ, ಹಳೇ ಲಂಗದ ತುಂಡು ಸೇರಿಸಿ ಅಜ್ಜಿ ಕೌದಿ ಹೊಲಿಯುತ್ತಾಳಲ್ಲ, ಹಾಗಿತ್ತು ಅದರ ಮೈ. ಬೆನ್ನು ಕಂದು, ಹೊಟ್ಟೆ ಬಿಳಿ, ಒಂದು ಕಾಲು ಕಪ್ಪು, ಬಾಲ ಯಾರದ್ದೋ. ಕಿವಿ ಮಾತ್ರ ಎರಡೂ ನೆಟ್ಟಗೆ, ಚೂಪಾಗಿ ನಿಂತಿದ್ದವು. ಮರಿಗಳು ನಾಲ್ಕು. ನಾಲ್ಕೂ ನಾಲ್ಕು ಥರ. ಕೊನೆಯದಕ್ಕಂತೂ ಮುಖ ಯಾವ ಕಡೆ ಅಂತ ಹಾಲು ಕುಡಿಯುವಾಗ ಮಾತ್ರ ಗೊತ್ತಾಗುತ್ತಿತ್ತು.

ಒಂದು ದಿನ ಹೊಳೆ ಕೌದಿಗೆ ಹೇಳಿತು, "ಚಳಿ ಅಂತ ಒಂದು ಬಂದೈತಂತೆ ಕಣವ್ವ. ನನಗೇ ಕಾಲು ಜೋಮು ಹಿಡೀತೈತೆ. ಇಲ್ಲೇ ಇದ್ದರೆ ನಿನ್ನ ಮರಿಗಳು ಉಳಿಯಲ್ಲ. ಬೆಂಕಿ ಹತ್ತಿರ ಹೋಗು."

ಕೌದಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗುಡ್ಡ ಹತ್ತಿತು. ನಾಲ್ಕು ಮರಿ, ನಾಲ್ಕು ಸಲ ಹತ್ತೋದು, ಮೂರು ಸಲ ಇಳಿಯೋದು. ದಂಡಿನ ಬಾಗಿಲಿಗೆ ಬಂದಾಗ ಅದರ ನಾಲಿಗೆ ನೆಲ ಗುಡಿಸುತ್ತಿತ್ತು.

ಬಾಗಿಲಲ್ಲಿ ಮೂವರೂ ಸಾಲಾಗಿ ಕೂತಿದ್ದರು. ಮೂಸರಾಯ ಗಂಟಲು ಸರಿಮಾಡಿಕೊಂಡು ಕೇಳಿದ, "ನಿಮ್ಮಪ್ಪ ಯಾರಮ್ಮ?"

"ಗೊತ್ತಿಲ್ಲ."

"ಹೋಗಲಿ, ನಿಮ್ಮಜ್ಜ?"

"ಅಪ್ಪನೇ ಗೊತ್ತಿಲ್ಲ ಅಂದ ಮೇಲೆ ಅಜ್ಜನ್ನ ಎಲ್ಲಿಂದ ತರಲಿ ಯಜಮಾನ್ರೇ?"

ಮೂವರೂ ಬಿದ್ದು ಬಿದ್ದು ನಕ್ಕರು. ಕಂತ್ರಿ ಅಂತ ಕರೆದರು. ಬಾಣರಾಯ ನಗುತ್ತಾ ನಗುತ್ತಾ ಗುಡ್ಡಕ್ಕೆ ಎರಡು ಸುತ್ತು ಓಡಿ ಬಂದ. ಕುಲವಿಲ್ಲದವರಿಗೆ ದಂಡಿನಲ್ಲಿ ಜಾಗವಿಲ್ಲ, ಬಂದ ದಾರಿ ಹಿಡಿ ಅಂದರು.

ಗಲಾಟೆ ಕೇಳಿ ಸಿಂಗರಾಯ ಬಂದ. ಪರಾಕು ಮುಗಿಯಬೇಕಲ್ಲ, ಅಷ್ಟರಲ್ಲಿ ಎರಡು ಮರಿ ನಿದ್ದೆ ಹೋಗಿದ್ದವು. ಅವನಿಗೂ ಕುಲವಿಲ್ಲದ ನಾಯಿಯನ್ನು ದಂಡಿಗೆ ಸೇರಿಸಿಕೊಳ್ಳೋದು ಸರಿ ಕಾಣಲಿಲ್ಲ. ಆಗ ಮಾರವ್ವ ಸೌದೆ ಹೊರೆಯನ್ನು ಅವನ ಕಾಲ ಪಕ್ಕ ದೊಪ್ಪಂತ ಹಾಕಿ, ಬೂದಿಗುಡ್ಡೆ ಪಕ್ಕದಲ್ಲಿ ನಾಲ್ಕು ಮರಿ ಮಲಗಿದರೆ ನಿನ್ನ ಬಿರುದು ಏನು ಸವೆದುಹೋಗುತ್ತಾ ಅಂತ ಕೇಳಿದಳು. ಅವಳ ಮಾತನ್ನು ದಳವಾಯಿಯೂ ತಳ್ಳಿಹಾಕುತ್ತಿರಲಿಲ್ಲ. ನಾಳೆ ಸೂರ್ಯ ಹುಟ್ಟುವವರೆಗೆ ಇರಲಿ, ಅಷ್ಟರಲ್ಲಿ ಏನಾದರೂ ಕೆಲಸಕ್ಕೆ ಬರ್ತೀನಿ ಅಂತ ತೋರಿಸಿದರೆ ಸರಿ, ಇಲ್ಲದಿದ್ದರೆ ಮರಿಗಳ ಸಮೇತ ಕೆಳಗೆ ಇಳಿಯಲಿ ಅಂತ ತೀರ್ಪು ಕೊಟ್ಟ.

ಕೌದಿ ಮರಿಗಳನ್ನು ಬೆಚ್ಚಗಿನ ಬೂದಿಯ ಪಕ್ಕ ಮಲಗಿಸಿ ಸುತ್ತ ಸುರುಳಿಯಾಗಿ ಮಲಗಿತು. ಈ ಬೆಚ್ಚಗಿನ ಜಾಗ ಒಂದು ದಿನಕ್ಕೆ ಮಾತ್ರ ಅಂತ ಮರಿಗಳಿಗೆ ಹೇಳಲಿಲ್ಲ.

ಮೂಡಣ ಇನ್ನೂ ಸರಿಯಾಗಿ ಬೆಳಗಿರಲಿಲ್ಲ, ಮಂಜು ಗುಡ್ಡ ಹತ್ತಿ ಬಂದ. ಅವನು ದಡ್ಡನಲ್ಲ. ಬಾಗಿಲಲ್ಲಿ ನಡೆಯೋ ಕಟ್ಟುಪಾಡನ್ನೆಲ್ಲಾ ಕಣಿವೆಯಲ್ಲಿ ಕೂತೇ ತಿಳಿದುಕೊಂಡಿದ್ದ.

ಮೂಸರಾಯನ ಮೂಗಿಗೆ ಒದ್ದೆ ವಾಸನೆ ಬಡಿಯಿತು. ಅವನು ಎದ್ದು ನಿಂತು ವಂಶಾವಳಿಗೆ ಬಾಯಿ ತೆರೆದ. ಮಂಜು ಬಗ್ಗಿ ಕೈ ಮುಗಿದು, "ಸ್ವಾಮಿ, ನಿಮ್ಮ ವಂಶ ಬರೀ ಏಳು ತಲೆಮಾರಿನದ್ದು ಅಂತಾರಲ್ಲ. ನಾನು ಹದಿನಾಲ್ಕು ಅಂತ ಕೇಳಿದ್ದೆ" ಅಂದ.

ಮೂಸರಾಯನಿಗೆ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಅವನನ್ನು ಯಾರೂ ಹದಿನಾಲ್ಕರವರೆಗೆ ಕೇಳಿರಲಿಲ್ಲ. ಘಮರಾಯನ ಮಗ ನಾನು, ಗಂಧರಾಯನ ಮೊಮ್ಮಗ, ನೆಗಡಿಯನ್ನೇ ಕಂಡರಿಯದ ಸೊರಸೊರರಾಯನ ಮರಿಮಗ, ಅಂತ ಕಣ್ಣು ಮುಚ್ಚಿ ಶುರು ಮಾಡಿದ. ಅವನು ಕಣ್ಣು ಮುಚ್ಚಿದ್ದೇ ಮಂಜು ಪಕ್ಕದಿಂದ ನುಸುಳಿದ.

ಬಾಣರಾಯನನ್ನು ನಿಮ್ಮ ಮುತ್ತಜ್ಜ ಹಿಂದಕ್ಕೂ ಅಷ್ಟೇ ಜೋರಾಗಿ ಓಡುತ್ತಿದ್ದರಂತೆ, ಹೌದಾ ಅಂತ ಕೇಳಿದ. ಬಾಣರಾಯ ಅದನ್ನು ಓಡಿಯೇ ತೋರಿಸಲು ಹೋಗಿ, ಹಿಂದೆ ಹಿಂದೆ ಓಡುತ್ತಾ ಗುಡ್ಡದ ಆಚೆ ಕಡೆ ಇಳಿದುಹೋದ. ಗುಡುಗಯ್ಯನ ಹತ್ತಿರ ಅಷ್ಟು ಕಷ್ಟವೇ ಬೀಳಲಿಲ್ಲ. ಅವನಿಗೆ ಐದನೇ ತಲೆಮಾರಿಗೆ ಬಂದಾಗ ಯಾವಾಗಲೂ ಅಜ್ಜಿಯ ಹೆಸರು ಅದಲುಬದಲಾಗಿ ಮೊದಲಿಂದ ಶುರು ಮಾಡಬೇಕಾಗುತ್ತಿತ್ತು. ಸೈನಿಕರಿಗೆ ಗೊಣಗೊಣ ಕೇಳಿಸಿತು. ಆದರೆ ದಿನಾ ಕೇಳೋ ಜೋಗುಳ ತಾನೇ, ಇನ್ನೊಂದು ಮಗ್ಗುಲಿಗೆ ಹೊರಳಿ ಮಲಗಿದರು.

ಮಂಜು ಗುಡಾಣದ ಹತ್ತಿರ ಬಂದ. ಮಾರವ್ವ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಮಂಜು ತನ್ನ ಒದ್ದೆ ಅಂಗೈಯನ್ನು ಬೆಂಕಿಯ ಮೇಲೆ ಇಟ್ಟ. ಬೆಂಕಿ ಚೆಂಡುಹೂವಿನಷ್ಟಾಯಿತು. ಇನ್ನೊಂದು ಕೈ ಇಟ್ಟ. ಬೆಂಕಿ ಕಡಲೆಕಾಳಿನಷ್ಟಾಯಿತು.

ಬೂದಿ ತಣ್ಣಗಾಯಿತು. ಮುಖ ಯಾವ ಕಡೆ ಅಂತ ಗೊತ್ತಾಗದ ಮರಿ ಕುಂಯ್ ಅಂದಿತು. ಕೌದಿ ಕಣ್ಣು ಬಿಟ್ಟು ನೋಡಿದರೆ, ಬೆಳ್ಳಗಿನದ್ದೊಂದು ಗುಡಾಣದ ಮೇಲೆ ಬಗ್ಗಿತ್ತು. ಕೌದಿ ಎದ್ದದ್ದು ಮಂಜುವಿಗೂ ಕಾಣಿಸಿತು. ಅವನು ಗಾಬರಿಯಾಗಲಿಲ್ಲ. ಮೂರು ನಾಯಿ ದಾಟಿ ಬಂದವನಿಗೆ ನಾಲ್ಕನೆಯದು ಯಾವ ಲೆಕ್ಕ? ಬಾಯಲ್ಲಿ ಬೆಲ್ಲ ಇಟ್ಟುಕೊಂಡವನ ಹಾಗೆ ಕೇಳಿದ, "ಏನಮ್ಮ, ಚೆನ್ನಾಗಿದ್ದೀಯಾ? ನಿಮ್ಮಪ್ಪ ಯಾರು ಅಂದೆ?"

"ಗೊತ್ತಿಲ್ಲ" ಅಂತ ಹೇಳಿ ಕೌದಿ ಬೊಗಳಿತು.

ಇಷ್ಟು ಸಣ್ಣ ವಂಶಾವಳಿಯನ್ನು ಮಂಜು ಜನ್ಮದಲ್ಲಿ ಕೇಳಿರಲಿಲ್ಲ. ಹದಿನಾಲ್ಕು ತಲೆಮಾರಿನಷ್ಟು ಹೊತ್ತು ಸಿಗುತ್ತದೆ ಅಂದುಕೊಂಡಿದ್ದವನಿಗೆ ಒಂದು ಉಸಿರಿನಷ್ಟೂ ಸಿಗಲಿಲ್ಲ. ಅವನು ಮಾಯವಾಗಲು ನೋಡಿದ, ಕೌದಿಯ ಮೂಗು ಹುಡುಕಿತು. ಜಾರಲು ನೋಡಿದ, ಕೌದಿಯ ಕಾಲು ಹಾರಿತು. ಯಾವ ಕುಲದ್ದು ಯಾವುದೋ, ಎಲ್ಲಾ ಸ್ವಲ್ಪ ಸ್ವಲ್ಪ ಅದರ ಮೈಯಲ್ಲಿ ಇತ್ತಲ್ಲ. ಅವನ ಒದ್ದೆ ಪಂಚೆಯ ಅಂಚನ್ನು ಕಚ್ಚಿ ಹಿಡಿದು ಬೊಗಳುತ್ತಲೇ ಇತ್ತು. ಕಚ್ಚಿಕೊಂಡು ಬೊಗಳೋದು ಹೇಗೆ ಅಂತ ನನ್ನನ್ನು ಕೇಳಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ ನೀವೇ ಮಾಡಿ ನೋಡಿ.

ಮಂಜು ಸಿಟ್ಟಿನಿಂದ ಅದರ ಎಡಗಿವಿಯನ್ನು ಹಿಡಿದು ಹಿಂಡಿದ. ಇಡೀ ಕಣಿವೆಯ ತಣ್ಣೀರು ಆ ಕಿವಿಯೊಳಗೆ ಇಳಿಯಿತು. ಕಿವಿ ಒದ್ದೆ ಗೋಣಿಚೀಲದ ಹಾಗೆ ಭಾರವಾಗಿ ಮಡಚಿ ಬಿತ್ತು. ಕೌದಿ ಬಿಡಲಿಲ್ಲ.

ಮಾರವ್ವ ಎಚ್ಚರಾಗಿ ಊದುಗೊಳವೆ ಎತ್ತಿಕೊಂಡಳು. ಊದಿದಳು, ಕೆಮ್ಮಿದಳು, ಮತ್ತೆ ಊದಿದಳು. ಆಮೇಲೆ ತಲೆ ಎತ್ತಿ ಗಾಳಿಗೆ ಬೈದಳು, "ಏಯ್ ಗಾಳಿ, ನಾಯಿ ಹೊಡೆದಾಡ್ತೈತೆ, ಮುದುಕಿ ಊದ್ತಾಳೆ, ನೀನು ನೆಂಟರ ಥರ ನಿಂತು ನೋಡ್ತೀಯಾ?" ಗಾಳಿಗೆ ನಾಚಿಕೆಯಾಗಿ ಅದೂ ಊದಿತು.

ಬೊಗಳಿಕೆಗೆ ಸಿಂಗರಾಯನೂ ಎದ್ದ. ಲಂಗೋಟಿಯಲ್ಲೇ ಹೊರಗೆ ಓಡಿ ಬಂದ. ಹೊಗಳುಭಟ ಅಭ್ಯಾಸದಂತೆ ಮುಂದೆ ನಿಂತು, ಶತ್ರುಗಳ ಎದೆ ನಡುಗಿಸುವ, ಅಂತ ಶುರು ಮಾಡಿದ. ದಳವಾಯಿ ಅಂದ, "ಬಾಯಿ ಮುಚ್ಚಿ ಸೌದೆ ತಾರೋ."

ಆ ದಂಡಿನಲ್ಲಿ ಪರಾಕು ನಿಂತದ್ದು ಅದೇ ಮೊದಲು.

ಎಲ್ಲರೂ ಸೌದೆ ಒಟ್ಟಿದರು. ಕಡಲೆಕಾಳಿನಷ್ಟಿದ್ದ ಬೆಂಕಿ ಚೆಂಡುಹೂವಾಯಿತು, ಚೆಂಡುಹೂವು ಬಾಳೆಗೊನೆಯಷ್ಟಾಯಿತು, ಆಮೇಲೆ ಧಗ್ ಅಂತ ಎದ್ದಿತು. ಮಂಜು ಪಂಚೆಯ ಅರ್ಧವನ್ನು ಕೌದಿಯ ಬಾಯಲ್ಲೇ ಬಿಟ್ಟು, ಬಂಡೆಯಿಂದ ಬಂಡೆಗೆ ಉರುಳುತ್ತಾ ಕಣಿವೆಗೆ ಓಡಿದ.

ಎಲ್ಲಾ ಮುಗಿದು ಸದ್ದು ನಿಂತಾಗ, ಬಾಗಿಲ ಕಡೆಯಿಂದ ಸೊಳ್ಳೆಯಂಥ ದನಿ ಕೇಳುತ್ತಿತ್ತು. ಮೂಸರಾಯ ಹನ್ನೆರಡನೇ ತಲೆಮಾರಿನಲ್ಲಿದ್ದ.

ಕಣ್ಣು ಬಿಟ್ಟು ನೋಡಿದರೆ ಇಡೀ ದಂಡು ಅವನನ್ನೇ ನೋಡುತ್ತಿತ್ತು. ಅವನು ಬಾಯಿ ಮುಚ್ಚಿದ. ಮೆಲ್ಲಗೆ ಹಿಂಗಾಲು ಮಡಚಿ ಕೂತು ದಳವಾಯಿಯ ಮುಖ ನೋಡಿದ. ಸಿಂಗರಾಯನಿಗೆ ಅದು ಇಷ್ಟವಾಯಿತು. ಇನ್ನು ಮುಂದೆ ನಿನಗೆ ಏನಾದರೂ ವಾಸನೆ ಸಿಕ್ಕರೆ ಇಷ್ಟೇ ಮಾಡು, ಕೂತು ನನ್ನ ಮುಖ ನೋಡು, ಉಳಿದದ್ದು ನಾನು ನೋಡಿಕೊಳ್ತೀನಿ ಅಂದ. ಬಾಣರಾಯ ಮಾತ್ರ ವಾಪಸ್ ಬರೋ ಹೊತ್ತಿಗೆ ಮಧ್ಯಾಹ್ನವಾಗಲಿತ್ತು, ಅದೂ ಹಿಂದೆ ಹಿಂದೆ ನಡೆಯುತ್ತಲೇ.

ಸೂರ್ಯ ಹುಟ್ಟಿತು. ಕೌದಿ ಮರಿಗಳನ್ನು ಎಣಿಸಿಕೊಂಡು ಸುಮ್ಮನೆ ನಿಂತಿತ್ತು, ಇರಬೇಕೋ ಇಳಿಯಬೇಕೋ ಗೊತ್ತಾಗದೆ. ದಳವಾಯಿ ಹತ್ತಿರ ಬಂದ. ತಾನೇ ಬಗ್ಗಿ, ನಾಲ್ಕು ಮರಿಗಳನ್ನೂ ಒಂದೊಂದಾಗಿ ಎತ್ತಿ, ಬೂದಿಯ ಪಕ್ಕದಿಂದ ಗುಡಾಣದ ಪಕ್ಕಕ್ಕೆ ತಂದು ಮಲಗಿಸಿದ. ಆಮೇಲೆ ಕೌದಿಯ ಮುಂದೆ ನೆಟ್ಟಗೆ ನಿಂತು ಹಣೆಗೆ ಕೈ ಹಚ್ಚಿ ಸಲಾಮು ಹೊಡೆದ. ಲಂಗೋಟಿಯಲ್ಲಿದ್ದರೂ ಯಾರೂ ನಗಲಿಲ್ಲ.

ಅವತ್ತು ಸಿಂಗರಾಯ ಬಿಸಿ ಮುದ್ದೆ ಉಂಡ. ನಾಲಿಗೆ ಸುಟ್ಟುಕೊಂಡ. ಮುದ್ದೆ ಇಷ್ಟು ಮೆತ್ತಗಿರುತ್ತೆ ಅಂತ ಯಾಕೆ ಯಾರೂ ಹೇಳಲಿಲ್ಲ ಅಂತ ಮಾರವ್ವನನ್ನು ಕೇಳಿದ.

ಕೌದಿಯ ಕಿವಿಯನ್ನು ಮಾರವ್ವ ಬಟ್ಟೆ ಹಿಂಡಿದ ಹಾಗೆ ಹಿಂಡಿದಳು, ಬೆಂಕಿಗೆ ಕಾಯಿಸಿದಳು. ಅದು ನೆಟ್ಟಗಾಗಲೇ ಇಲ್ಲ. ಬಿದಿರು ಕಡ್ಡಿ ಕಟ್ಟಿ ನಿಲ್ಲಿಸೋಣ ಅಂತ ದಳವಾಯಿ ಹೇಳಿದ. ಕೌದಿ ಬೇಡ ಅಂದಿತು.

"ಬಿಡಿ ಬುದ್ಧಿ. ನೆಟ್ಟಗಿರೋ ಕಿವಿ ಕಳ್ಳರ ಹೆಜ್ಜೆಗೆ ಇರಲಿ. ಮಡಚಿದ್ದು ನಿಮ್ಮಪ್ಪ ಯಾರು ಅಂತ ಕೇಳೋರಿಗೆ ಇರಲಿ."

ಮರಿಗಳು ದೊಡ್ಡವಾದವು. ಮೂಗಿನ ಕುಲದವರು, ಕಾಲಿನ ಕುಲದವರು, ಗಂಟಲಿನ ಕುಲದವರು ಎಲ್ಲರೂ ಬಂದು ಸಂಬಂಧ ಕೇಳಿದರು. ಮೂಸರಾಯನಂತೂ ಮೊಮ್ಮಗಳನ್ನು ಕರೆದುಕೊಂಡು ಮೂರು ಸಲ ಬಂದ. ಮದುವೆಗಳಾದವು, ಮರಿಗಳಾದವು, ಮರಿಗಳ ಕಿವಿಗಳಲ್ಲಿ ಒಂದು ಮೇಲೆ ಒಂದು ಕೆಳಗೆ. ಕೆಲವು ದಂಡಿನಲ್ಲೇ ಉಳಿದವು. ಜನ ಗುಡ್ಡದಿಂದ ಕೆಂಡ ತೆಗೆದುಕೊಂಡು ಹೋಗಿ ಊರೂರಲ್ಲಿ ಒಲೆ ಹಚ್ಚಿದಾಗ, ಒಂದೊಂದು ಕೆಂಡದ ಹಿಂದೆ ಒಂದೊಂದು ನಾಯಿ ಕಾವಲಿಗೆ ಇಳಿದು ಹೋಯಿತು.

ಅದಕ್ಕೇ ಇವತ್ತಿಗೂ ದಂಡಿನ ನಾಯಿ ನೆಲದಲ್ಲಿ ಹೂತಿಟ್ಟ ಸಿಡಿಗುಂಡನ್ನು ಮೂಸಿ ಹಿಡಿದರೆ ಒಂದು ಮಾತೂ ಆಡದೆ ಕೂತು ತನ್ನ ಸೈನಿಕನ ಮುಖ ನೋಡುತ್ತದೆ, ಮತ್ತೆ ನಿಮ್ಮ ಬೀದಿಯ ಕಂತ್ರಿ ನಾಯಿ ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿ, ನೀವು ಯಾರ ಮಕ್ಕಳು ಅಂತ ವಿಚಾರಿಸದೆ ಮೊದಲು ಬೊಗಳುತ್ತದೆ, ಆಮೇಲೆ ಹತ್ತಿರ ಬಂದು ಬಾಲ ಅಲ್ಲಾಡಿಸುತ್ತದೆ.